ಬಾಯ್ಲರ್ ಹೌಸಿನ ರಾತ್ರಿಯ ಲೆಕ್ಕ

ಕಾರ್ಖಾನೆಯ ಮಾಲೀಕರ ಮುಂದೆ ಇಂಧನ ಉಳಿತಾಯದ ಮಾತೆತ್ತಿದರೆ ಅದು ಸಾಮಾನ್ಯವಾಗಿ ವಿದ್ಯುತ್ ಬಿಲ್ಲಿನ ಸುತ್ತಲೇ ಸುತ್ತುತ್ತದೆ. ಬಿಲ್ಲು ತಿಂಗಳಿಗೊಮ್ಮೆ ಮೇಜಿನ ಮೇಲೆ ಬಂದು ಬೀಳುತ್ತದೆ, ಯೂನಿಟ್ಟುಗಳ ಲೆಕ್ಕ ಅದರಲ್ಲಿ ಅಚ್ಚಾಗಿರುತ್ತದೆ, ಹಿಂದಿನ ತಿಂಗಳಿನ ಜೊತೆ ಹೋಲಿಸಿ ನೋಡುವುದಕ್ಕೆ ಯಾವ ತಾಂತ್ರಿಕ ಜ್ಞಾನವೂ ಬೇಕಾಗಿಲ್ಲ. ಆದರೆ ಬಟ್ಟೆಗೆ ಬಣ್ಣ ಹಾಕುವ ಘಟಕ, ಕುಚ್ಚಲಕ್ಕಿ ಮಿಲ್ಲು, ಗೇರುಬೀಜದ ಕಾರ್ಖಾನೆ, ಡೇರಿ ಮುಂತಾದ ಕಡೆಗಳಲ್ಲಿ ಖರ್ಚಾಗುವ ಶಕ್ತಿಯ ದೊಡ್ಡ ಪಾಲು ತಂತಿಯ ಮೂಲಕ ಬರುವುದಿಲ್ಲ. ಅದು ಸೌದೆಯಾಗಿ, ಹೊಟ್ಟು, ಮರದ ಪುಡಿ ಒತ್ತಿ ಮಾಡಿದ ಬ್ರಿಕೆಟ್ಟಾಗಿ, ಉಮಿಯಾಗಿ, ಫರ್ನೆಸ್ ಆಯಿಲ್ ಆಗಿ ಒಳಗೆ ಬಂದು, ಬಾಯ್ಲರಿನಲ್ಲಿ ಉರಿದು, ಸ್ಟೀಮ್ ಆಗಿ ಪೈಪುಗಳಲ್ಲಿ ಹರಿಯುತ್ತದೆ. ಲಾರಿಯನ್ನು ತೂಗಿ ಒಳಗೆ ಬಿಟ್ಟ ನಂತರ ಆ ಶಕ್ತಿ ಎಲ್ಲೆಲ್ಲಿಗೆ ಹೋಯಿತು ಎಂಬುದರ ಲೆಕ್ಕವಿರುವ ಸಣ್ಣ ಕಾರ್ಖಾನೆಯನ್ನು ನಾನು ಕಂಡಿರುವುದು ಅಪರೂಪ.

ನನ್ನ ಕೆಲಸ ಇಂತಹ ಸ್ಟೀಮ್ ವ್ಯವಸ್ಥೆಗಳ ಇಂಧನ ಆಡಿಟ್. ಆಡಿಟ್ ಎಂದರೆ ಒಂದೆರಡು ದಿನ ಕಾರ್ಖಾನೆಯಲ್ಲಿ ನಿಂತು, ಚಿಮಣಿಯ ರಂಧ್ರದೊಳಗೆ ಹೊಗೆಯನ್ನು ಅಳೆಯುವ ಫ್ಲೂ ಗ್ಯಾಸ್ ಅನಲೈಸರಿನ ಕೊಳವೆ ತೂರಿಸಿ, ನೀರಿನ ಉಷ್ಣತೆ, ಸ್ಟೀಮಿನ ಒತ್ತಡ, ಟ್ರ್ಯಾಪುಗಳ (ಸ್ಟೀಮನ್ನು ತಡೆದು, ಅದು ತಣಿದು ಆದ ನೀರನ್ನಷ್ಟೇ ಹೊರಬಿಡುವ ಕವಾಟಗಳ) ಸ್ಥಿತಿಗತಿ ಎಲ್ಲವನ್ನೂ ಬರೆದುಕೊಂಡು, ಕೊನೆಗೊಂದು ವರದಿ ಕೊಡುವುದು. ಈ ಕೆಲಸದ ಬಗ್ಗೆ ನನಗೆ ಗೌರವವಿದೆ, ಆದರೆ ಅದರ ಮಿತಿಯೂ ಗೊತ್ತಿದೆ. ಆಡಿಟ್ ನಡೆಯುವ ದಿನ ಕಾರ್ಖಾನೆ ಪೂರ್ಣ ಲೋಡಿನಲ್ಲಿ ಓಡುತ್ತಿರುತ್ತದೆ. ಹಿಂದಿನ ದಿನವಷ್ಟೇ ಟ್ಯೂಬುಗಳ ಮಸಿ ತೆಗೆದಿರುತ್ತಾರೆ. ಬಾಯ್ಲರಿನ ಬೆಂಕಿ ನೋಡಿಕೊಳ್ಳುವ ಅನುಭವಿ ಫೈರ್‌ಮನ್ನನ್ನೇ ಪಾಳಿಗೆ ಹಾಕಿರುತ್ತಾರೆ. ಇದರಲ್ಲಿ ಯಾರ ಕಪಟವೂ ಇಲ್ಲ, ಹೊರಗಿನವರು ಬರುವಾಗ ಮನೆ ಗುಡಿಸುವುದು ಎಲ್ಲರ ಸ್ವಭಾವ. ಆದರೆ ಹಗಲು ಹನ್ನೊಂದು ಗಂಟೆಯ ಬಾಯ್ಲರ್ ಬೇರೆ, ರಾತ್ರಿ ಮೂರು ಗಂಟೆಯ ಬಾಯ್ಲರ್ ಬೇರೆ. ವರ್ಷದ 8,760 ಗಂಟೆಗಳಲ್ಲಿ ತಿಳಿದವರೊಬ್ಬರು ಕಣ್ಣಿಟ್ಟು ನೋಡುವ ಗಂಟೆಗಳು ಬೆರಳೆಣಿಕೆಯಷ್ಟಾದರೆ, ಸೋರಿಕೆಯ ಬಹುಭಾಗ ಉಳಿದ ಗಂಟೆಗಳಲ್ಲೇ ಆಗುತ್ತದೆ. ದೂರದಿಂದ ನಿಗಾ ಇಡುವ ವ್ಯವಸ್ಥೆಯ ಬೆಲೆ ಇರುವುದು ಇಲ್ಲಿ. ಯಾರೂ ನೋಡದ ಗಂಟೆಗಳನ್ನು ಅದು ನೋಡುತ್ತದೆ, ಮತ್ತು ಸ್ಟೀಮ್ ತಿಳಿದ ಒಬ್ಬ ಇಂಜಿನಿಯರಿನ ಕಣ್ಣನ್ನು ಹತ್ತಾರು ಸಣ್ಣ ಕಾರ್ಖಾನೆಗಳು ಹಂಚಿಕೊಳ್ಳುವಂತೆ ಮಾಡುತ್ತದೆ.

ಬಾಯ್ಲರಿನಿಂದ ಶಾಖ ತಪ್ಪಿಸಿಕೊಳ್ಳುವ ದಾರಿಗಳಲ್ಲಿ ಚಿಮಣಿಯೇ ದೊಡ್ಡದು. ಹೊಗೆಯ ಉಷ್ಣತೆ 22 ಡಿಗ್ರಿ ಸೆಲ್ಸಿಯಸ್ ಏರಿದರೆ ದಕ್ಷತೆ ಸುಮಾರು ಶೇಕಡಾ 1ರಷ್ಟು ಕುಸಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಸ್ಥೂಲ ಲೆಕ್ಕ. ಉರಿಯಲು ಬೇಕಾದದ್ದಕ್ಕಿಂತ ಹೆಚ್ಚಾಗಿ ಒಳಗೆ ಹೋಗುವ ಗಾಳಿಯೂ ಅಷ್ಟೇ ದುಬಾರಿ; ಆ ಹೆಚ್ಚುವರಿ ಗಾಳಿ ಶೇಕಡಾ 15ರಷ್ಟು ಏರಿದರೆ ಮತ್ತೊಂದು ಶೇಕಡಾ ಹೋಯಿತು ಎಂದುಕೊಳ್ಳಬಹುದು, ಏಕೆಂದರೆ ತಣ್ಣಗೆ ಒಳಬಂದ ಆ ಗಾಳಿ ಯಾವ ಉಪಕಾರವನ್ನೂ ಮಾಡದೆ ಬಿಸಿಯಾಗಿ ಹೊರಗೆ ಹೋಗುತ್ತದೆ. ಹೊಗೆಯಲ್ಲಿರುವ ಆಮ್ಲಜನಕದ ಪ್ರಮಾಣವನ್ನು ಅಳೆದರೆ ಹೆಚ್ಚುವರಿ ಗಾಳಿ ಎಷ್ಟೆಂದು ತಿಳಿಯುತ್ತದೆ: ಆ ಪ್ರಮಾಣವನ್ನು 21ರಿಂದ ಕಳೆದು, ಉಳಿದ ಸಂಖ್ಯೆಯಿಂದ ಅದೇ ಪ್ರಮಾಣವನ್ನು ಭಾಗಿಸಿದರಾಯಿತು. ಆಮ್ಲಜನಕ ಶೇಕಡಾ 7 ಇದ್ದರೆ ಹೆಚ್ಚುವರಿ ಗಾಳಿ ಶೇಕಡಾ 50. ಆಮ್ಲಜನಕ ಶೇಕಡಾ 11ಕ್ಕೆ ಏರಿದರೆ ಹೆಚ್ಚುವರಿ ಗಾಳಿ ಶೇಕಡಾ 110. ಸೌದೆ ಉರಿಸುವ ಬಾಯ್ಲರಿನಲ್ಲಿ ಈ ಎರಡು ಸ್ಥಿತಿಗಳ ನಡುವಿನ ಅಂತರ ಸುಮಾರು ಶೇಕಡಾ 4ರಷ್ಟು ದಕ್ಷತೆ. ಒಲೆಯ ಬಾಗಿಲು ತೆರೆದೇ ಇದ್ದರೆ, ಬೆಂಕಿಯ ಹಾಸು ಒಂದು ಮೂಲೆಯಲ್ಲಿ ತೆಳುವಾಗಿದ್ದರೆ, ಇಂಧನ ಕಡಿಮೆ ಮಾಡಿದಾಗ ಫ್ಯಾನಿನ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಡ್ಯಾಂಪರನ್ನು ಹಾಗೆಯೇ ಬಿಟ್ಟರೆ ಏಳರಿಂದ ಹನ್ನೊಂದಕ್ಕೆ ಜಿಗಿಯಲು ಕೆಲವು ನಿಮಿಷ ಸಾಕು. ಇಳಿಯಬೇಕಾದರೆ ಯಾರಾದರೂ ಗಮನಿಸಬೇಕು.

ಹಾಗಾದರೆ ಏನನ್ನು ಅಳೆಯಬೇಕು? ಮಾರಾಟಗಾರರು ತರುವ ಪಟ್ಟಿ ಉದ್ದವಾಗಿರುತ್ತದೆ. ನಾನು ಮೊದಲು ಕೇಳುವುದು ಒಂದೇ ಸಂಖ್ಯೆಯನ್ನು: ಒಂದು ಕೆಜಿ ಇಂಧನಕ್ಕೆ ಎಷ್ಟು ಕೆಜಿ ಸ್ಟೀಮ್ ಬಂತು? ಕೆಜಿಗೆ 3,300 ಕಿಲೋಕ್ಯಾಲರಿ ಇರುವ ಸೌದೆ, 60 ಡಿಗ್ರಿಯ ಫೀಡ್ ವಾಟರ್ (ಬಾಯ್ಲರಿಗೆ ಹೋಗುವ ನೀರು), ಚದರ ಸೆಂಟಿಮೀಟರಿಗೆ 10 ಕೆಜಿ ಒತ್ತಡದ ಸ್ಟೀಮ್, ಶೇಕಡಾ 65ರ ದಕ್ಷತೆ ಇವಿಷ್ಟನ್ನು ಇಟ್ಟುಕೊಂಡರೆ ಉತ್ತರ ಸುಮಾರು 3.5 ಬರುತ್ತದೆ. ಫರ್ನೆಸ್ ಆಯಿಲ್ ಆದರೆ 13ರಿಂದ 14ರ ನಡುವೆ. ಈ ಸಂಖ್ಯೆಯನ್ನು ಪ್ರತಿ ಪಾಳಿಗೂ, ಸಾಧ್ಯವಾದರೆ ಪ್ರತಿ ಗಂಟೆಗೂ ಕಾಣುವಂತೆ ಮಾಡಿದರೆ ಉಳಿದ ಎಲ್ಲ ಅಳತೆಗಳಿಗೂ ಅರ್ಥ ಬರುತ್ತದೆ. ಅದಿಲ್ಲದೆ ಚಿಮಣಿಯ ಉಷ್ಣತೆ, ಆಮ್ಲಜನಕ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಎಲ್ಲವನ್ನೂ ಬಣ್ಣಬಣ್ಣದ ಡಯಲುಗಳಲ್ಲಿ ತೋರಿಸಿದರೂ ಮಾಲೀಕರಿಗೆ ಅದು ಹಣದ ಭಾಷೆಯಾಗಿ ತಲುಪುವುದಿಲ್ಲ.

ಸ್ಟೀಮನ್ನು ಅಳೆಯಲು ವೋರ್ಟೆಕ್ಸ್ ಮೀಟರ್ ಒಳ್ಳೆಯದು, ಆದರೆ ಸಣ್ಣ ಮಿಲ್ಲಿಗೆ ಅದರ ಬೆಲೆ ಭಾರವೆನಿಸಬಹುದು. ಆಗ ಫೀಡ್ ಪಂಪಿನ ದಾರಿಯಲ್ಲಿ ಬಿಸಿನೀರನ್ನು ತಡೆದುಕೊಳ್ಳುವ, ಪಲ್ಸ್ ಕೊಡುವ ನೀರಿನ ಮೀಟರ್ ಹಾಕಿದರೂ ನಡೆಯುತ್ತದೆ. ಬಾಯ್ಲರಿಗೆ ಹೋದ ನೀರಿನಲ್ಲಿ ಬ್ಲೋಡೌನ್ ಆಗಿ, ಅಂದರೆ ಲವಣ ಶೇಖರವಾಗದಂತೆ ಆಗಾಗ ಹೊರಬಿಡುವ ನೀರಾಗಿ, ಹೊರಹೋದದ್ದನ್ನು ಕಳೆದರೆ ಉಳಿದದ್ದು ಸ್ಟೀಮ್ ತಾನೇ. ನಿಜವಾಗಿ ಕಷ್ಟವಿರುವುದು ಘನ ಇಂಧನವನ್ನು ತೂಗುವುದರಲ್ಲಿ. ಎಣ್ಣೆಗೂ ಗ್ಯಾಸಿಗೂ ಮೀಟರ್ ಹಾಕಬಹುದು; ಸೌದೆಯನ್ನು ಕೈಯಿಂದ ಎಸೆಯುವ ಕಡೆ ಏನು ಮಾಡುವುದು? ಟ್ರಾಲಿಯನ್ನು ಒಲೆಯ ಹತ್ತಿರ ತರುವ ದಾರಿಯಲ್ಲಿ ನೆಲಮಟ್ಟದ ತೂಕದ ಹಲಗೆ ಕೂರಿಸುವುದು, ಬ್ರಿಕೆಟ್ಟಿನ ಹಾಪರಿನ ಕೆಳಗೆ ತೂಕ ಅಳೆಯುವ ಲೋಡ್ ಸೆಲ್ ಇಡುವುದು, ಉಮಿ ಸಾಗಿಸುವ ಸ್ಕ್ರೂ ಕನ್ವೇಯರ್ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ ಸುತ್ತಿಗಿಷ್ಟು ಎಂದು ಆಗಾಗ ತೂಗಿ ಸರಿಪಡಿಸಿಕೊಳ್ಳುವುದು, ಇವು ನಾನು ಕಂಡಿರುವ ಉಪಾಯಗಳಲ್ಲಿ ಬಾಳಿಕೆ ಬಂದವು. ಯಾವುದೂ ಅತಿ ನಿಖರವಲ್ಲ. ಆದರೆ ಪ್ರತಿದಿನವೂ ಒಂದೇ ರೀತಿಯಲ್ಲಿ ತೂಗಿದರೆ ಏರಿಳಿತವಂತೂ ಸರಿಯಾಗಿ ಕಾಣುತ್ತದೆ, ಮತ್ತು ನಮಗೆ ಬೇಕಾಗಿರುವುದು ಆ ಏರಿಳಿತವೇ.

ಉಳಿದ ಸಲಕರಣೆ ಈಗ ಸುಲಭವಾಗಿ ಸಿಗುತ್ತದೆ. ಚಿಮಣಿಗೆ ಒಂದು ಥರ್ಮೋಕಪಲ್, ಫೀಡ್ ಟ್ಯಾಂಕಿಗೆ ಒಂದು ಪಿಟಿ-100 (ಎರಡೂ ಉಷ್ಣತೆ ಅಳೆಯುವಂಥವು), ಹೊಗೆಯ ದಾರಿಗೆ ಜಿರ್ಕೋನಿಯಾ ಆಮ್ಲಜನಕ ಸಂವೇದಕ, ಸ್ಟೀಮ್ ಹೆಡರಿಗೆ ಒತ್ತಡದ ಟ್ರಾನ್ಸ್‌ಮಿಟರ್, ಐಡಿ ಮತ್ತು ಎಫ್‌ಡಿ ಫ್ಯಾನುಗಳಿಗೆ (ಮೊದಲನೆಯದು ಹೊಗೆಯನ್ನು ಹೊರಗೆ ಎಳೆಯುತ್ತದೆ, ಎರಡನೆಯದು ಗಾಳಿಯನ್ನು ಒಳಗೆ ತಳ್ಳುತ್ತದೆ) ವಿದ್ಯುತ್ ಮೀಟರ್. ಇವೆಲ್ಲವೂ ಮಾಡ್‌ಬಸ್ ಅಥವಾ 4–20 ಮಿಲಿಆಂಪಿಯರ್ ಸಂಕೇತವಾಗಿ, ಅಂಕಿಗಳನ್ನು ಒಟ್ಟುಗೂಡಿಸಿ ಕಳುಹಿಸುವ ಒಂದು ಗೇಟ್‌ವೇಗೆ ಬಂದು, ಅಲ್ಲಿಂದ 4ಜಿ ಸಿಮ್ ಮೂಲಕ ಸರ್ವರಿಗೆ ಹೋಗುತ್ತವೆ. ನೆಟ್‌ವರ್ಕ್ ಹೋದಾಗ ಅಂಕಿಗಳನ್ನು ತನ್ನಲ್ಲೇ ಕೂಡಿಟ್ಟುಕೊಂಡು ನಂತರ ಕಳುಹಿಸುವ ಗೇಟ್‌ವೇಯನ್ನೇ ಆರಿಸಬೇಕು. ಮಳೆಗಾಲದಲ್ಲಿ ಕರಾವಳಿಯಲ್ಲಿ ಕರೆಂಟ್ ಮತ್ತು ಸಿಗ್ನಲ್ ಎರಡೂ ಒಟ್ಟಿಗೆ ಹೋಗುವ ರಾತ್ರಿಗಳ ಲೆಕ್ಕವೇ ನಮಗೆ ಹೆಚ್ಚು ಬೇಕಾಗಿರುವುದು.

ಅಂಕಿಗಳು ಬರತೊಡಗಿದ ಮೇಲೆ ಕಾಣುವ ಚಿತ್ರಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿರುವುದು ಯಂತ್ರಗಳು ನಿಂತಿರುವಾಗಿನ ಸ್ಟೀಮ್. ಬಣ್ಣ ಹಾಕುವ ಒಂದು ಘಟಕದಲ್ಲಿ ರಾತ್ರಿ ಎರಡರಿಂದ ಐದರವರೆಗೆ ಜಿಗ್ಗರ್ ಯಂತ್ರಗಳು ಖಾಲಿ ಇರುತ್ತಿದ್ದವು; ಆದರೂ ಫೀಡ್ ವಾಟರ್ ಮೀಟರ್ ನಿಲ್ಲುತ್ತಿರಲಿಲ್ಲ. ಆ ಸ್ಟೀಮ್ ಯಾವ ಬಟ್ಟೆಗೂ ಹೋಗುತ್ತಿಲ್ಲವೆಂದಾದರೆ ಅದು ಕವಾಟಗಳ ಸೋರುವ ಗ್ಲ್ಯಾಂಡುಗಳಲ್ಲಿ, ತೆರೆದೇ ಉಳಿದ ಟ್ರ್ಯಾಪುಗಳಲ್ಲಿ, ಹೊದಿಕೆ ಕಿತ್ತುಹೋದ ಪೈಪುಗಳ ಮೇಲೆ ತಣಿದು ಹೋಗುತ್ತಿದೆ ಎಂದೇ ಅರ್ಥ. 7 ಕೆಜಿ ಒತ್ತಡದ ಪೈಪಿನಲ್ಲಿ 3 ಮಿಲಿಮೀಟರಿನ ಒಂದು ತೂತಿನಿಂದ ಗಂಟೆಗೆ ಸುಮಾರು 30 ಕೆಜಿ ಸ್ಟೀಮ್ ಹೊರಹೋಗುತ್ತದೆ. ದಿನಕ್ಕೆ 700 ಕೆಜಿಯ ಆಸುಪಾಸು. ಸೌದೆಯ ಲೆಕ್ಕದಲ್ಲಿ 200 ಕೆಜಿ. ಟ್ರ್ಯಾಪ್ ಕೆಟ್ಟು ತೆರೆದುಕೊಂಡರೆ ಹೊರಗಿನಿಂದ ಅಂತಹ ಸದ್ದೂ ಇರುವುದಿಲ್ಲ, ಸ್ಟೀಮ್ ಕಂಡೆನ್ಸೇಟ್ (ತಣಿದು ನೀರಾದ ಸ್ಟೀಮ್) ಪೈಪಿನೊಳಗೇ ಓಡಿಹೋಗುತ್ತದೆ. ಹಗಲಿನ ಗದ್ದಲದಲ್ಲಿ, ಪೂರ್ಣ ಲೋಡಿನ ನಡುವೆ, ಗಂಟೆಗೆ 100 ಕೆಜಿಯ ಸೋರಿಕೆ ಯಾವ ಮೀಟರಿನಲ್ಲೂ ಎದ್ದು ಕಾಣುವುದಿಲ್ಲ. ಖಾಲಿ ರಾತ್ರಿಯಲ್ಲಿ ಅದೊಂದೇ ಉಳಿಯುತ್ತದೆ. ಆದ್ದರಿಂದ ಯಾವುದೇ ಕಾರ್ಖಾನೆಯ ಅಂಕಿಗಳು ಕೈಗೆ ಬಂದಾಗ ನಾನು ಮೊದಲು ನೋಡುವುದು ಅತಿ ಕಡಿಮೆ ಸ್ಟೀಮ್ ಹರಿದ ಗಂಟೆಗಳನ್ನು. ಆ ತಳದ ಗೆರೆ ತಿಂಗಳಿಂದ ತಿಂಗಳಿಗೆ ಮೇಲೇರುತ್ತಿದ್ದರೆ ಟ್ರ್ಯಾಪುಗಳ ಪರಿಶೀಲನೆಗೆ ಕಾಲ ಬಂದಿದೆ ಎಂದು ಫೋನಿನಲ್ಲೇ ಹೇಳಬಹುದು.

ಚಿಮಣಿಯ ಉಷ್ಣತೆ ಹೇಳುವ ಕಥೆ ನಿಧಾನದ್ದು. ಅದು ದಿನಕ್ಕೊಂದಿಷ್ಟೇ ಏರುತ್ತಾ ಹೋಗುತ್ತದೆ, ಹಾಗಾಗಿ ಲಾಗ್ ಬುಕ್ಕಿನಲ್ಲಿ ಗಂಟೆಗೊಮ್ಮೆ ಬರೆಯುವ ಫೈರ್‌ಮನ್ನಿಗೆ ನಿನ್ನೆಗೂ ಇಂದಿಗೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಒಂದೇ ಲೋಡಿನ ಗಂಟೆಗಳನ್ನಷ್ಟೇ ಆರಿಸಿ ತಿಂಗಳ ಗೆರೆ ಎಳೆದರೆ ಏರಿಕೆ ಸ್ಪಷ್ಟವಾಗುತ್ತದೆ. ಟ್ಯೂಬುಗಳ ಮಸಿ ತೆಗೆದ ಮರುದಿನ ಗೆರೆ ಕೆಳಗೆ ಬಿದ್ದರೆ ತೊಂದರೆ ಬೆಂಕಿಯ ಬದಿಯಲ್ಲಿತ್ತು ಎಂದು ತಿಳಿಯಬಹುದು. ಮಸಿ ತೆಗೆದರೂ ಅದು ಇಳಿಯದಿದ್ದರೆ ನೀರಿನ ಬದಿಯಲ್ಲಿ ಸುಣ್ಣದ ಪದರ ಕಟ್ಟಿರಬೇಕು, ಅಂದರೆ ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಅನುಮಾನಿಸಬೇಕು. ಬೋರ್‌ವೆಲ್ಲಿನ ಗಡಸು ನೀರನ್ನೇ ನಂಬಿರುವ ಬಯಲುಸೀಮೆಯ ಕಾರ್ಖಾನೆಗಳಲ್ಲಿ ಈ ಎರಡನೆಯ ಸಾಧ್ಯತೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು, ಏಕೆಂದರೆ ಪದರ ಇಂಧನವನ್ನು ತಿನ್ನುವುದಷ್ಟೇ ಅಲ್ಲ, ಟ್ಯೂಬಿನ ಲೋಹವನ್ನು ಕಾಯಿಸಿ ಒಡೆಯುವ ಹಂತಕ್ಕೂ ಒಯ್ಯುತ್ತದೆ.

ಫೀಡ್ ಟ್ಯಾಂಕಿನ ಉಷ್ಣತೆಯ ಅಳತೆಗೆ ಖರ್ಚು ಅತ್ಯಲ್ಪ, ಫಲ ಮಾತ್ರ ದೊಡ್ಡದು. ನೀರು 6 ಡಿಗ್ರಿ ಹೆಚ್ಚು ಬಿಸಿಯಾಗಿ ಬಾಯ್ಲರಿಗೆ ಹೋದರೆ ಇಂಧನದಲ್ಲಿ ಸುಮಾರು ಶೇಕಡಾ 1 ಉಳಿಯುತ್ತದೆ. ಕಂಡೆನ್ಸೇಟ್ ಪಂಪು ಕೆಟ್ಟು, ಯಾರೋ ಬೈಪಾಸ್ ತೆರೆದು ಬಿಸಿನೀರನ್ನು ಚರಂಡಿಗೆ ಬಿಟ್ಟರೆ ಟ್ಯಾಂಕ್ 80 ಡಿಗ್ರಿಯಿಂದ 44ಕ್ಕೆ ಇಳಿಯುವುದು ಅಸಾಧಾರಣವೇನಲ್ಲ. ಅಷ್ಟರಲ್ಲೇ ಶೇಕಡಾ 6 ಹೋಯಿತು. ಪಂಪಿನ ರಿಪೇರಿ ಒಂದು ದಿನದ ಕೆಲಸ, ಆದರೆ ಸ್ಟೀಮ್ ಬರುತ್ತಲೇ ಇರುವುದರಿಂದ, ಉತ್ಪಾದನೆ ನಿಲ್ಲದಿರುವುದರಿಂದ, ಅದು ವಾರಗಟ್ಟಲೆ ಹಾಗೆಯೇ ಉಳಿದುಬಿಡುತ್ತದೆ. ಉತ್ಪಾದನೆಯನ್ನು ನಿಲ್ಲಿಸದ ದೋಷಗಳೇ ಶಾಖದ ವ್ಯವಸ್ಥೆಯಲ್ಲಿ ಹೆಚ್ಚು ಹಣ ಕಳೆಯುವಂಥವು, ಮತ್ತು ನಿಗಾ ವ್ಯವಸ್ಥೆ ಹಿಡಿಯಬೇಕಾದದ್ದು ಅಂಥವುಗಳನ್ನೇ.

ದಕ್ಷಿಣ ಕನ್ನಡ ಮತ್ತು ಉಡುಪಿ ಕಡೆಯ ಕುಚ್ಚಲಕ್ಕಿ ಮಿಲ್ಲುಗಳ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯಬೇಕು. ಇಲ್ಲಿ ಇಂಧನ ಹೊರಗಿನಿಂದ ಬರುವುದಿಲ್ಲ, ಭತ್ತದ ತೂಕದ ಸುಮಾರು ಐದನೇ ಒಂದು ಪಾಲು ಉಮಿಯಾಗಿ ಮಿಲ್ಲಿನಲ್ಲೇ ಸಿಗುತ್ತದೆ. ಹಾಗಾಗಿ ಉಳಿಸಿ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ಅನೇಕರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಉಮಿಗೆ ಈಗ ಮಾರುಕಟ್ಟೆ ಇದೆ ಎಂಬುದು ಒಂದು ಉತ್ತರ. ಬೇರೆ ಕಾರ್ಖಾನೆಗಳ ಬಾಯ್ಲರುಗಳಿಗೂ ಇಟ್ಟಿಗೆ ಭಟ್ಟಿಗಳಿಗೂ ಅದು ಬೇಕು. ಆದರೆ ಇನ್ನೂ ಗಟ್ಟಿಯಾದ ಉತ್ತರ ಡ್ರೈಯರಿನಲ್ಲಿದೆ. ನೆನೆಸಿ ಬೇಯಿಸಿದ ಭತ್ತದಲ್ಲಿ ತೇವಾಂಶ ಶೇಕಡಾ 35ರ ಹತ್ತಿರ ಇರುತ್ತದೆ, ಅದನ್ನು ಶೇಕಡಾ 14ಕ್ಕೆ ಒಣಗಿಸಬೇಕು. ಶೇಕಡಾ 14ರ ತೇವಾಂಶದ ಒಂದು ಟನ್ ಭತ್ತ ಸಿಗಬೇಕಾದರೆ ಸುಮಾರು 323 ಕೆಜಿ ನೀರನ್ನು ಆವಿಯಾಗಿಸಬೇಕಾಗುತ್ತದೆ. ಕೈಯಲ್ಲಿ ಹಿಡಿದು, ಹಲ್ಲಿನಲ್ಲಿ ಕಚ್ಚಿ ನೋಡಿ ನಿರ್ಧರಿಸುವವರು ಎಡವಟ್ಟಾಗಬಾರದೆಂದು ಒಂದಿಷ್ಟು ಹೆಚ್ಚೇ ಒಣಗಿಸುತ್ತಾರೆ. ಅದು ಶೇಕಡಾ 12ಕ್ಕೆ ಇಳಿದರೆ ಮತ್ತೆ 23 ಕೆಜಿ ನೀರು ಹೋಗಿರುತ್ತದೆ. ಅಂದರೆ ಒಣಗಿಸುವ ಶಾಖ ಶೇಕಡಾ 7ರಷ್ಟು ಹೆಚ್ಚು, ಜೊತೆಗೆ ತೂಕದಲ್ಲಿ ಟನ್ನಿಗೆ 23 ಕೆಜಿ ಕಡಿಮೆ. ಅತಿಯಾಗಿ ಒಣಗಿದ ಕಾಳು ಗಿರಣಿಯಲ್ಲಿ ಒಡೆಯುವ ಸಂಭವವೂ ಇದೆ. ಡ್ರೈಯರಿನ ಒಳಹೋಗುವ ಗಾಳಿ ಮತ್ತು ಹೊರಬರುವ ಗಾಳಿಯ ಉಷ್ಣತೆ ಹಾಗೂ ಆರ್ದ್ರತೆಯನ್ನು ಸತತವಾಗಿ ಅಳೆದರೆ ಒಣಗುವಿಕೆ ಮುಗಿಯುತ್ತಾ ಬಂದ ಕ್ಷಣ ಗೆರೆಯಲ್ಲೇ ಕಾಣುತ್ತದೆ, ಏಕೆಂದರೆ ಕಾಳಿನಿಂದ ಬರುವ ನೀರು ಕಡಿಮೆಯಾದಂತೆ ಹೊರಬರುವ ಗಾಳಿ ಬಿಸಿಯಾಗುತ್ತದೆ, ಅದರ ಆರ್ದ್ರತೆ ಇಳಿಯುತ್ತದೆ. ಕರಾವಳಿಯ ಆಷಾಢದ ಗಾಳಿಗೂ ಫಾಲ್ಗುಣದ ಗಾಳಿಗೂ ಒಂದೇ ಸಮಯವನ್ನು ನಿಗದಿ ಮಾಡಿಟ್ಟುಕೊಳ್ಳುವ ಅಭ್ಯಾಸವನ್ನು ಈ ಒಂದು ಅಳತೆ ಬಿಡಿಸಬಲ್ಲದು. ಬಾಯ್ಲರಿನಲ್ಲಿ ಶೇಕಡಾ 2 ಉಳಿಸಲು ಹೆಣಗುವ ಮೊದಲು ಡ್ರೈಯರನ್ನು ನೋಡಿ ಎಂದು ಮಿಲ್ಲಿನವರಿಗೆ ನಾನು ಒತ್ತಿ ಹೇಳುತ್ತೇನೆ.

ಕುಲುಮೆಗಳ ಮಾತೂ ಇದೇ. ಬೆಳಗಾವಿಯ ಫೌಂಡ್ರಿಗಳ ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು 600 ಯೂನಿಟ್ ಆಸುಪಾಸು ವಿದ್ಯುತ್ ಬೇಕಾಗುತ್ತದೆ ಎನ್ನಬಹುದು, ಆದರೆ ಕರಗಿದ ಲೋಹ ಅಚ್ಚು ಸಿದ್ಧವಾಗುವವರೆಗೆ ಕಾಯುತ್ತಾ, ಮುಚ್ಚಳ ತೆರೆದ ಕುಲುಮೆಯಲ್ಲಿ ಹೊಳೆಯುತ್ತಾ ಕೂತರೆ ಆ ಅಂಕಿ ಎಲ್ಲಿಗಾದರೂ ಹೋಗಬಹುದು. ಪ್ರತಿ ಹೀಟಿಗೂ (ಒಂದು ಸಲದ ಕರಗಿಸುವಿಕೆಗೂ) ವಿದ್ಯುತ್ತು, ತೂಕ, ಕಾದ ನಿಮಿಷಗಳು ಈ ಮೂರನ್ನು ದಾಖಲಿಸಿದರೆ ವ್ಯತ್ಯಾಸದ ಕಾರಣ ಕುಲುಮೆಯಲ್ಲಿಲ್ಲ, ಮೋಲ್ಡಿಂಗ್ ವಿಭಾಗದ ವೇಳಾಪಟ್ಟಿಯಲ್ಲಿದೆ ಎಂಬುದು ಬೇಗ ಬಯಲಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ತಾನಾಗಿ ಒಂದು ಕೆಜಿ ಸೌದೆಯನ್ನೂ ಉಳಿಸದ ಸಲಕರಣೆ ಇದು ಎಂಬುದನ್ನು ಮರೆಯಬಾರದು. ಉಳಿಸುವವನು ಡ್ಯಾಂಪರ್ ತಿರುಗಿಸುವ ಫೈರ್‌ಮನ್. ಅನೇಕ ಕಡೆ ನಿಗಾ ವ್ಯವಸ್ಥೆಯನ್ನು ಮಾಲೀಕರ ಮೊಬೈಲಿಗಷ್ಟೇ ಕೊಟ್ಟು, ಬಾಯ್ಲರ್ ಹೌಸಿನಲ್ಲಿ ಹಳೆಯ ಪ್ರೆಶರ್ ಗೇಜನ್ನು ಬಿಟ್ಟು ಬೇರೇನನ್ನೂ ಇಡುವುದಿಲ್ಲ. ಹಾಗೆ ಮಾಡಿದಾಗ ಆಗುವುದೇನೆಂದರೆ, ರಾತ್ರಿ ಮಾಲೀಕರು ಫೋನ್ ಮಾಡಿ ಗದರುತ್ತಾರೆ, ಫೈರ್‌ಮನ್ನಿಗೆ ತಾನು ಏನು ತಪ್ಪು ಮಾಡಿದೆನೆಂದೇ ತಿಳಿದಿರುವುದಿಲ್ಲ, ಕೆಲವೇ ದಿನಗಳಲ್ಲಿ ಅವನ ಕಣ್ಣಿಗೆ ಆ ಪೆಟ್ಟಿಗೆ ಬೇಹುಗಾರನಾಗಿ ಕಾಣತೊಡಗುತ್ತದೆ. ನನ್ನ ದೃಷ್ಟಿಯಲ್ಲಿ ಮೊದಲ ಪರದೆ ಇರಬೇಕಾದದ್ದು ಒಲೆಯ ಮುಂದೆ, ಹತ್ತು ಅಡಿ ದೂರದಿಂದ ಓದಲು ಬರುವಷ್ಟು ದೊಡ್ಡ ಅಂಕಿಗಳಲ್ಲಿ, ಅವನು ಓದಬಲ್ಲ ಭಾಷೆಯಲ್ಲಿ. ಅದು ಕನ್ನಡವಾಗಿರಬಹುದು, ಒಡಿಶಾ, ಬಿಹಾರದಿಂದ ಬಂದವರು ಬೆಂಕಿ ನೋಡಿಕೊಳ್ಳುವ ಕಡೆ ಒಡಿಯಾ ಅಥವಾ ಹಿಂದಿ ಆಗಬೇಕಾಗಬಹುದು. ಸೌದೆ ಎಸೆದ ನಂತರ ಆಮ್ಲಜನಕ ಎಷ್ಟು ಹೊತ್ತಿನಲ್ಲಿ ಇಳಿಯಿತು, ಬಾಗಿಲು ಬೇಗ ಮುಚ್ಚಿದರೆ ಏನಾಯಿತು ಎಂಬುದು ಕಣ್ಣೆದುರು ಕಂಡರೆ, ವರ್ಷಗಟ್ಟಲೆ ಬೆಂಕಿಯ ಬಣ್ಣ ನೋಡಿಯೇ ಕೆಲಸ ಮಾಡಿದ ಮನುಷ್ಯನಿಗೆ ಬೇರೆ ಪಾಠ ಬೇಕಾಗುವುದಿಲ್ಲ. ಉಳಿದ ಇಂಧನದ ಹಣದಲ್ಲಿ ಒಂದು ಪಾಲನ್ನು ಪಾಳಿಯವರಿಗೆ ಹಂಚುವ ಪದ್ಧತಿ ಇರುವಲ್ಲಿ ಪರಿಣಾಮ ಇನ್ನೂ ಚೆನ್ನಾಗಿರುತ್ತದೆ, ಮತ್ತು ಅದು ನ್ಯಾಯವೂ ಹೌದು.

ಎಚ್ಚರಿಕೆಯ ಸಂದೇಶಗಳ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು. ಪ್ರತಿ ಸಂವೇದಕಕ್ಕೂ ಮೇಲಿನ ಮಿತಿ, ಕೆಳಗಿನ ಮಿತಿ ಹಾಕಿ, ಎಲ್ಲರ ಫೋನಿಗೂ ಕಳುಹಿಸಿದರೆ ಯಾರೂ ಓದುವುದಿಲ್ಲ. ಯಾರಿಗೆ ಹೋಗಬೇಕು, ಅವರು ಏನು ಮಾಡಬೇಕು ಎಂದು ಬರೆದಿಡಲಾಗದ ಎಚ್ಚರಿಕೆಯನ್ನು ಇಡುವುದೇ ಬೇಡ.

ಸುರಕ್ಷತೆಯ ಬಗ್ಗೆ ನನ್ನ ನಿಲುವು ಖಚಿತವಾಗಿದೆ. ದೂರದಿಂದ ನೋಡುವುದು ಬೇರೆ, ದೂರದಿಂದ ನಡೆಸುವುದು ಬೇರೆ. ನೀರಿನ ಮಟ್ಟ ಇಳಿದರೆ ಬೆಂಕಿಯನ್ನು ನಿಲ್ಲಿಸುವ, ಒತ್ತಡ ಮೀರಿದರೆ ತೆರೆಯುವ ವ್ಯವಸ್ಥೆಗಳು ಬಾಯ್ಲರಿನ ಮೇಲೆಯೇ ಇರಬೇಕು, ಅವುಗಳಿಗೆ ಇಂಟರ್ನೆಟ್ಟಿನ ಜೊತೆ ಯಾವ ಸಂಬಂಧವೂ ಇರಬಾರದು. ಗೇಟ್‌ವೇ ಅಂಕಿಗಳನ್ನು ಓದಲಿ, ಬಾಯ್ಲರನ್ನು ನಿಯಂತ್ರಿಸುವ ಪಿಎಲ್‌ಸಿಗೆ ಬರೆಯುವ ಅಧಿಕಾರ ಅದಕ್ಕೆ ಬೇಡ. 1923ರ ಬಾಯ್ಲರುಗಳ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಆದರೆ ಅರ್ಹತೆ ಪಡೆದ ಮನುಷ್ಯನೊಬ್ಬ ಬಾಯ್ಲರಿನ ಹೊಣೆ ಹೊತ್ತಿರಬೇಕೆಂಬ ಮೂಲ ತತ್ವವನ್ನು ಯಾವ ಡ್ಯಾಶ್‌ಬೋರ್ಡೂ ಸಡಿಲಿಸಲಾರದು. ಮೊಬೈಲಿನಲ್ಲಿ ಎಲ್ಲವೂ ಕಾಣುತ್ತದೆ, ಆದ್ದರಿಂದ ರಾತ್ರಿ ಒಬ್ಬನನ್ನು ಕಡಿಮೆ ಮಾಡೋಣ ಎಂಬ ಯೋಚನೆ ಬಂದಲ್ಲೆಲ್ಲ ನಾನು ಅದನ್ನು ವಿರೋಧಿಸಿದ್ದೇನೆ. ಗೇಜ್ ಗ್ಲಾಸಿನಲ್ಲಿ ನೀರಿದೆಯೇ ಎಂದು ಕಣ್ಣಾರೆ ನೋಡುವವನು ಅಲ್ಲಿ ಇರಲೇಬೇಕು.

ಅಂಕಿಗಳನ್ನು ಎಷ್ಟು ನಂಬಬೇಕು ಎಂಬುದೂ ಮುಖ್ಯ. ಜಿರ್ಕೋನಿಯಾ ಸಂವೇದಕವನ್ನು ಹೊರಗಿನ ಗಾಳಿಗೆ ಒಡ್ಡಿದಾಗ ಅದು ಶೇಕಡಾ 20.9 ತೋರಿಸಬೇಕು, ತೋರಿಸದಿದ್ದರೆ ಉಳಿದ ದಿನಗಳ ಓದನ್ನೂ ಬದಿಗಿಡಬೇಕು. ಅದು ಸರಿಯಿದ್ದರೂ, ಐಡಿ ಫ್ಯಾನಿನ ಮುಂಚಿನ ಡಕ್ಟಿನಲ್ಲಿ ಬಿರುಕಿದ್ದು ಹೊರಗಿನ ಗಾಳಿ ಒಳಗೆ ಎಳೆಯಲ್ಪಡುತ್ತಿದ್ದರೆ ಬೆಂಕಿ ಚೆನ್ನಾಗಿದ್ದರೂ ಆಮ್ಲಜನಕ ಹೆಚ್ಚು ಎಂದೇ ಓದು ಬರುತ್ತದೆ. ಅದನ್ನು ನಂಬಿ ಗಾಳಿ ಕಡಿಮೆ ಮಾಡಿದರೆ ಇಂಧನ ಅರೆಬರೆ ಉರಿದು ಕಪ್ಪು ಹೊಗೆ ಬರುತ್ತದೆ. ಆದ್ದರಿಂದ ಸಂವೇದಕವನ್ನು ಸಾಧ್ಯವಾದಷ್ಟು ಬಾಯ್ಲರಿನ ಹೊರದಾರಿಗೆ ಹತ್ತಿರ ಕೂರಿಸಬೇಕು, ಡಕ್ಟಿನ ಜೋಡಣೆಗಳನ್ನು ಮೊದಲು ಮುಚ್ಚಿಸಬೇಕು. ಸ್ಟೀಮ್ ಮೀಟರ್ ಹಾಕಿರುವ ಕಡೆ ಅದರ ಲೆಕ್ಕವನ್ನು ಫೀಡ್ ವಾಟರಿನ ಲೆಕ್ಕದ ಜೊತೆ ವಾರಕ್ಕೊಮ್ಮೆ ತಾಳೆ ನೋಡುವುದು ಒಳ್ಳೆಯದು. ನೀರಿಗೂ ಸ್ಟೀಮಿಗೂ ಬ್ಲೋಡೌನ್ ಲೆಕ್ಕಕ್ಕೂ ಹೊಂದಾಣಿಕೆಯಾಗದಿದ್ದರೆ ಮೂರರಲ್ಲಿ ಒಂದು ಸುಳ್ಳು ಹೇಳುತ್ತಿದೆ.

ಉಳಿತಾಯ ಆಯಿತೇ ಎಂದು ತೀರ್ಮಾನಿಸುವಾಗ ಇಂಧನದ ಬಿಲ್ಲನ್ನು ನೋಡಬಾರದು, ಒಂದು ಕೆಜಿ ಇಂಧನಕ್ಕೆ ಎಷ್ಟು ಸ್ಟೀಮ್ ಎಂಬ ಅನುಪಾತವನ್ನು ನೋಡಬೇಕು. ಉತ್ಪಾದನೆ ಕುಸಿದ ತಿಂಗಳಲ್ಲಿ ಬಿಲ್ಲು ತಾನಾಗಿಯೇ ಕಡಿಮೆಯಾಗುತ್ತದೆ. ಅನುಪಾತಕ್ಕೂ ಒಂದು ತೊಡಕಿದೆ: ಜೂನ್ ತಿಂಗಳಿನ ಹಸಿ ಸೌದೆಗೂ ಮಾರ್ಚ್ ತಿಂಗಳಿನ ಒಣ ಸೌದೆಗೂ ಕೆಜಿಗೆ ಸಿಗುವ ಶಾಖ ಬಹಳ ಬೇರೆ. ಬೇಸಿಗೆಯಲ್ಲಿ ಸಲಕರಣೆ ಹಾಕಿ, ಹಿಂದಿನ ಮಳೆಗಾಲದ ಜೊತೆ ಹೋಲಿಸಿ, ಇಷ್ಟು ಶೇಕಡಾ ಉಳಿಯಿತು ಎಂದು ತೋರಿಸುವ ವರದಿಗಳನ್ನು ನಾನು ಒಪ್ಪುವುದಿಲ್ಲ. ಪ್ರತಿ ಲಾರಿಯ ತೇವಾಂಶವನ್ನು ಅಳೆದು ಬರೆದಿಟ್ಟರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ, ಅಲ್ಲದೆ ಸೌದೆ ಪೂರೈಸುವವರಿಗೆ ನೀರಿನ ತೂಕಕ್ಕೆ ಹಣ ಕೊಡುವುದೂ ತಪ್ಪುತ್ತದೆ.

ಒಂದು ಸಾಧಾರಣ ಲೆಕ್ಕ ನೋಡೋಣ. ಸರಾಸರಿ ಗಂಟೆಗೆ 2 ಟನ್ ಸ್ಟೀಮ್, ದಿನಕ್ಕೆ 20 ಗಂಟೆ, ವರ್ಷಕ್ಕೆ 300 ದಿನ ಎಂದರೆ 12,000 ಟನ್ ಸ್ಟೀಮ್. ಅನುಪಾತ 3.5 ಇದ್ದಾಗ ಸುಮಾರು 3,430 ಟನ್ ಸೌದೆ ಬೇಕು, ಅದು 3.7 ಆದರೆ 3,245 ಟನ್ ಸಾಕು. ಸೌದೆಗೆ ಟನ್ನಿಗೆ 4,000 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 7 ಲಕ್ಷ ರೂಪಾಯಿ ದಾಟುತ್ತದೆ. 3.5ರಿಂದ 3.7ಕ್ಕೆ ಹೋಗಲು ಹೊಸ ಬಾಯ್ಲರ್ ಬೇಕಾಗಿಲ್ಲ. ಮೇಲೆ ಹೇಳಿದ ಮಸಿ, ಡ್ಯಾಂಪರು, ಕಂಡೆನ್ಸೇಟ್ ಪಂಪುಗಳಲ್ಲಿ ಒಂದೆರಡು ಸದಾ ಸರಿಯಾಗಿದ್ದರೆ ಸಾಕು. ಟ್ರ್ಯಾಪಿನ ಸೋರಿಕೆ ಈ ಅನುಪಾತದಲ್ಲಿ ಕಾಣದೆ ಒಟ್ಟು ಸ್ಟೀಮಿನಲ್ಲಿ ಕಾಣುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು; ಹಾಗಾಗಿ ಒಂದು ಕೆಜಿ ಬಟ್ಟೆಗೆ ಅಥವಾ ಒಂದು ಕ್ವಿಂಟಲ್ ಭತ್ತಕ್ಕೆ ಎಷ್ಟು ಸ್ಟೀಮ್ ಎಂಬ ಎರಡನೆಯ ಅನುಪಾತವೂ ಬೇಕು.

2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2002ರಲ್ಲಿ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ ಆರಂಭವಾಯಿತು. 2012ರಿಂದ ಪ್ಯಾಟ್ (ಪರ್ಫಾರ್ಮ್, ಅಚೀವ್ ಅಂಡ್ ಟ್ರೇಡ್) ಯೋಜನೆಯ ಮೂಲಕ ಸಿಮೆಂಟ್, ಉಕ್ಕು, ಕಾಗದ, ಗೊಬ್ಬರದಂತಹ ದೊಡ್ಡ ಉದ್ಯಮಗಳಿಗೆ ಇಂಧನ ಬಳಕೆಯ ಗುರಿಗಳನ್ನು ನಿಗದಿ ಮಾಡಲಾಯಿತು. ಅಂತಹ ಕಾರ್ಖಾನೆಗಳಲ್ಲಿ ಎನರ್ಜಿ ಮ್ಯಾನೇಜರ್ ಇರುತ್ತಾರೆ, ಕಂಟ್ರೋಲ್ ರೂಮ್ ಇರುತ್ತದೆ. ಗಂಟೆಗೆ 2 ಟನ್ ಸ್ಟೀಮಿನ ಮಿಲ್ಲಿಗೆ ಅಂತಹ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಶಕ್ತಿ ಇಲ್ಲ, ಪೂರ್ತಿ ದಿನದ ಕೆಲಸವೂ ಅಲ್ಲಿಲ್ಲ. ಒಂದು ಕೈಗಾರಿಕಾ ಪ್ರದೇಶದ ಹತ್ತು ಹದಿನೈದು ಘಟಕಗಳು ಸೇರಿ, ತಮ್ಮ ಸಂಘದ ಮೂಲಕ ಒಬ್ಬ ಇಂಜಿನಿಯರನ್ನು ನೇಮಿಸಿಕೊಂಡು, ಎಲ್ಲ ಬಾಯ್ಲರುಗಳ ಅಂಕಿಗಳೂ ಅವರ ಮುಂದೆ ಬರುವಂತೆ ಮಾಡಿದರೆ ಚಿತ್ರವೇ ಬದಲಾಗುತ್ತದೆ. ಪಕ್ಕದ ಘಟಕದಲ್ಲಿ ಅದೇ ಸೌದೆಗೆ 3.8 ಬರುತ್ತಿದೆ, ಇಲ್ಲಿ ಯಾಕೆ 3.4 ಎಂಬ ಪ್ರಶ್ನೆಯನ್ನು ಆಗ ಕೇಳಬಹುದು. ಘಟಕಗಳು ಒಂದರ ವ್ಯಾಪಾರ ಇನ್ನೊಂದಕ್ಕೆ ತಿಳಿಯಬಾರದೆಂದು ಹಿಂಜರಿಯುವುದು ಸಹಜ. ಉತ್ಪಾದನೆಯ ಪ್ರಮಾಣವನ್ನು ಮರೆಮಾಡಿ ಅನುಪಾತವನ್ನಷ್ಟೇ ಹಂಚಿಕೊಂಡರೆ ಆ ಆತಂಕ ನಿವಾರಣೆಯಾಗುತ್ತದೆ.

ಈಗಷ್ಟೇ ಆರಂಭಿಸುವವರಿಗೆ ನಾನು ಹೇಳುವ ಕ್ರಮ ಹೀಗಿದೆ. ಮೊದಲು ಫೀಡ್ ವಾಟರ್ ಮೀಟರ್, ಇಂಧನದ ತೂಕ, ಚಿಮಣಿ ಮತ್ತು ಫೀಡ್ ಟ್ಯಾಂಕಿನ ಉಷ್ಣತೆ. ಒಂದು ಮಳೆಗಾಲ, ಒಂದು ಬೇಸಿಗೆ ಇವುಗಳ ಜೊತೆ ಕಳೆದ ನಂತರ ಆಮ್ಲಜನಕ, ಸ್ಟೀಮ್ ಮೀಟರ್, ಫ್ಯಾನುಗಳಿಗೆ ವೇಗ ಹೊಂದಿಸುವ ವಿಎಫ್‌ಡಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಕಚ್ಚಾ ಅಂಕಿಗಳನ್ನು ಬೇಕೆಂದಾಗ ಪೂರ್ತಿಯಾಗಿ ಇಳಿಸಿಕೊಳ್ಳುವ ಹಕ್ಕು ನಿಮಗಿದೆಯೇ, ವಾರ್ಷಿಕ ಶುಲ್ಕ ನಿಲ್ಲಿಸಿದರೆ ಹಳೆಯ ದಾಖಲೆ ನಿಮ್ಮ ಬಳಿಯೇ ಉಳಿಯುತ್ತದೆಯೇ, ಸಂವೇದಕಗಳ ಕ್ಯಾಲಿಬ್ರೇಶನ್ ಯಾರ ಹೊಣೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕಾಗದದ ಮೇಲೆಯೇ ಪಡೆದುಕೊಳ್ಳಿ.